ಮೂರು ತಿಂಗಳು ಉಳಿದವರು ನಮ್ಮವರೇ: ಮಲೆನಾಡಿನ ಕಥೋಲಿಕ ಧರ್ಮಕೇಂದ್ರಗಳಿಗೆ ಒಂದು ಬಹಿರಂಗ ಪತ್ರ

ಪೂಜ್ಯ ಗುರುಗಳಿಗೆ, ಪಾಲನಾ ಮಂಡಳಿಯ ಸದಸ್ಯರಿಗೆ, ಮನೆಗುಂಪುಗಳ ಮುಖ್ಯಸ್ಥರಾದ ಗುರಿಕಾರರಿಗೆ, ಭಾನುವಾರ ತಪ್ಪದೆ ಪೂಜೆಗೆ ಬರುವ ಎಲ್ಲ ಮನೆಯವರಿಗೆ,

ವಂದನೆಗಳು.

ಮಲೆನಾಡಿನ ಯಾವ ಇಗರ್ಜಿಗೆ (ಚರ್ಚಿಗೆ) ಹೋದರೂ ವಿಶ್ವಾಸಿಗಳ ಪ್ರಾರ್ಥನೆಯಲ್ಲಿ ಒಂದು ಕೋರಿಕೆ ಕಿವಿಗೆ ಬಿದ್ದೇ ಬೀಳುತ್ತದೆ: ದೈವಕರೆಗಳು ಹೆಚ್ಚಲಿ. ನಮ್ಮ ಮಕ್ಕಳಲ್ಲಿ ಯಾರಾದರೂ ಗುರುಮಠಕ್ಕೆ ಹೋಗಲಿ, ಕಾನ್ವೆಂಟಿಗೆ ಸೇರಲಿ ಎಂದು ಬೇಡಿಕೊಳ್ಳುತ್ತೇವೆ. ನಾನೂ ಮನಸಾರೆ ದನಿಗೂಡಿಸುತ್ತೇನೆ. ಆದರೆ ದೇವರ ಕರೆ ನಿಲುವಂಗಿ ತೊಡುವ ಒಬ್ಬಿಬ್ಬರಿಗಷ್ಟೇ ಬರುವಂಥದ್ದು ಎಂದು ನಾವು ಯಾವಾಗ ತೀರ್ಮಾನಿಸಿಬಿಟ್ಟೆವು? ದೀಕ್ಷಾಸ್ನಾನ ಪಡೆದ ಪ್ರತಿಯೊಬ್ಬರಿಗೂ ಕರೆ ಇದೆ, ಒಂದು ಇಗರ್ಜಿಗೆ ಸೇರಿದವರ ಸಮುದಾಯವಾದ ಧರ್ಮಕೇಂದ್ರಕ್ಕೆ ಒಟ್ಟಾಗಿಯೂ ಇದೆ. ಈಚಿನ ವರ್ಷಗಳಲ್ಲಿ ನಮಗೆ ಬಂದಿರುವ ಕರೆ, ಹೊರರಾಜ್ಯಗಳಿಂದ ಕೂಲಿಗೆ ಬಂದವರ ರೂಪದಲ್ಲಿ, ಇಗರ್ಜಿಯ ಹಿಂದಿನ ಬಾಗಿಲ ಹತ್ತಿರ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡು ನಿಂತಿದೆ. ನಾವು ಓಗೊಡುತ್ತಿಲ್ಲ. ದುಡ್ಡಿಲ್ಲ, ಗುರುಗಳು ಸಾಲದು ಎಂಬ ಕಾರಣಗಳನ್ನು ಬದಿಗಿಟ್ಟು ನೋಡಿದರೆ, ಅಡ್ಡ ನಿಂತಿರುವುದು ನಮ್ಮ ಮನಸ್ಸಿನೊಳಗಿನ ಅಂಜಿಕೆ, ಮತ್ತು ಬಾಯಿಬಿಟ್ಟು ಹೇಳಲಾಗದ ಒಂದು ಅಸಹ್ಯ. ಅದರ ಬಗ್ಗೆ ಮಾತಾಡಲೆಂದೇ ಈ ಪತ್ರ.

ಅಡಿಕೆ ತೋಟಕ್ಕೆ, ಕಾಫಿ ಎಸ್ಟೇಟಿಗೆ, ಕಟ್ಟಡದ ಕೆಲಸಕ್ಕೆ, ಹೋಟೆಲಿನ ಅಡುಗೆಮನೆಗೆ ಜಾರ್ಖಂಡ್, ಅಸ್ಸಾಂ, ಒಡಿಶಾ ಕಡೆಯಿಂದ ಬಂದಿರುವವರ ಮಾತು ಹೇಳುತ್ತಿದ್ದೇನೆ. ತೀರ್ಥಹಳ್ಳಿ, ಹೊಸನಗರ, ಕೊಪ್ಪದ ಕಡೆ ತೋಟ ಇರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಊರಿನ ಆಳುಗಳು ಸಿಗದೆ ಹೋದಾಗ ಮರಗಸಿ ಮಾಡಿದವರು (ನೆರಳಿನ ಮರಗಳ ಕೊಂಬೆ ಸವರಿದವರು), ಏಣಿ ಹತ್ತಿ ಮೆಣಸು ಕೊಯ್ದವರು, ಮಳೆಯಲ್ಲಿ ನೆನೆಯುತ್ತ ಔಷಧಿ ಹೊಡೆಯುವ ಪೈಪು ಎಳೆದವರು, ಅಡಿಕೆ ಬೇಯುವ ಹಂಡೆಯ ಮುಂದೆ ನಿದ್ದೆಗೆಟ್ಟವರು ಅವರು. ನಮ್ಮ ಬಾಯಲ್ಲಿ ಅವರೆಲ್ಲ ಒಟ್ಟಾಗಿ 'ಅಸ್ಸಾಮಿನವರು'. ಸಿಟ್ಟು ಬಂದರೆ 'ಬಾಂಗ್ಲಾದವರು'. ಹೆಸರು ಕೇಳಿದವರು ಕಡಿಮೆ. ಕೇಳಿದ್ದರೆ ಟೊಪ್ಪೊ, ಎಕ್ಕಾ, ಕುಜೂರ್, ಲಾಕ್ರಾ, ಮಿಂಜ್, ಹೋರೊ ಎಂದು ಒಂದೊಂದೇ ಮನೆತನದ ಹೆಸರು ಹೊರಬರುತ್ತಿತ್ತು. ಒರಾಂವ್, ಮುಂಡಾ, ಖಡಿಯಾ ಜನ. ಎಷ್ಟೋ ಮಂದಿ ನಮ್ಮ ಹಾಗೇ ಕಥೋಲಿಕರು. ಒರಾಂವ್ ಜನರ ಕುಡುಖ್ ಭಾಷೆ ಕನ್ನಡದ ಹಾಗೆ ದ್ರಾವಿಡ ಕುಟುಂಬಕ್ಕೆ ಸೇರಿದ್ದು ಎಂಬುದನ್ನು ಶಾಲೆಯಲ್ಲಿ ಪಾಠ ಮಾಡಿದ ನನ್ನಂಥವರಾದರೂ ನೆನಪಿಸಬೇಕು.

ಇವರ ವಿಶ್ವಾಸದ ಹಿಂದೆ ಒಂದು ಚರಿತ್ರೆಯಿದೆ. ರಾಂಚಿಗೆ ಜರ್ಮನಿಯ ಗಾಸ್ನರ್ ಮಿಷನ್ನಿನ ನಾಲ್ವರು ಬಂದಿಳಿದದ್ದು 1845ರಲ್ಲಿ. 1885ರಲ್ಲಿ ಬೆಲ್ಜಿಯಂನ ಯೇಸುಸಭೆಯ (ಜೆಸುಯಿಟ್) ಗುರು ಕಾನ್‌ಸ್ಟಂಟ್ ಲೀವನ್ಸ್ ರಾಂಚಿಯ ಸುತ್ತಲಿನ ಛೋಟಾನಾಗಪುರಕ್ಕೆ ಬಂದರು. ಜಮೀನ್ದಾರರು ಆದಿವಾಸಿಗಳ ಭೂಮಿ ಕಿತ್ತುಕೊಂಡು ಬಿಟ್ಟಿ ದುಡಿಸುತ್ತಿದ್ದ ಕಾಲ ಅದು. ಕೋರ್ಟು ಕಚೇರಿಗಳಲ್ಲಿ ಅವರ ಪರ ನಿಂತವರು ಲೀವನ್ಸ್. ಅವರು ತೀರಿಕೊಂಡ ಮೇಲೆ, 1908ರಲ್ಲಿ, ಆದಿವಾಸಿ ಭೂಮಿಗೆ ಕಾವಲಾಗಿ ಛೋಟಾನಾಗಪುರ ಗೇಣಿ ಕಾಯ್ದೆ ಬಂತು. ಆ ನಾಡಿನ ಧರ್ಮಸಭೆ ಬೆಳೆದು ಏಷ್ಯಾದ ಮೊದಲ ಆದಿವಾಸಿ ಕಾರ್ಡಿನಲ್‌ರನ್ನು ಕೊಟ್ಟಿತು. ರಾಂಚಿಯ ಮಹಾಧರ್ಮಾಧ್ಯಕ್ಷರಾಗಿದ್ದ ಟೆಲೆಸ್ಫೋರ್ ಟೊಪ್ಪೊ 2003ರಲ್ಲಿ ಕಾರ್ಡಿನಲ್ ಆದರು, 2023ರಲ್ಲಿ ತೀರಿಕೊಂಡರು. ನಮ್ಮ ಶಿವಮೊಗ್ಗ ಧರ್ಮಕ್ಷೇತ್ರ (ಡಯಾಸಿಸ್) ಚಿಕ್ಕಮಗಳೂರಿನಿಂದ ಬೇರೆಯಾಗಿ ಹುಟ್ಟಿದ್ದು 1988ರಲ್ಲಿ. ಹಿಂದಿನ ಬಾಗಿಲಲ್ಲಿ ನಿಂತ ಈ ಜನ ಧರ್ಮದಲ್ಲಿ ನಮಗಿಂತ ಎಳೆಯರೇನಲ್ಲ.

ಅಸ್ಸಾಮಿನಿಂದ ಬಂದವರಲ್ಲೂ ಬಹಳ ಮಂದಿಯ ಬೇರು ಛೋಟಾನಾಗಪುರದಲ್ಲೇ ಇದೆ. ಬ್ರಿಟಿಷರು ಚಹಾ ತೋಟಗಳಿಗೆಂದು ಛೋಟಾನಾಗಪುರದಿಂದ ಸಾಗಿಸಿದ ಕೂಲಿಗಳ ಮೊಮ್ಮಕ್ಕಳು, ಮರಿಮಕ್ಕಳು ಇವರು. ಒಂದು ಸಲ ಅಸ್ಸಾಮಿಗೆ ಒಕ್ಕಲೆದ್ದು ಹೋದವರು ಈಗ ಇಲ್ಲಿಗೆ ಬಂದಿದ್ದಾರೆ. ನಾವೂ ಇಲ್ಲಿ ಹುಟ್ಟಿ ಬೇರೂರಿದವರೇನಲ್ಲವಲ್ಲ. ನಮ್ಮಲ್ಲಿ ಹೆಚ್ಚಿನವರ ಹಿರಿಯರು ಘಟ್ಟದ ಕೆಳಗಿನಿಂದ ತೋಟದ ಕೆಲಸಕ್ಕೆ ಹತ್ತಿ ಬಂದವರು. ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೆ, ಶರಾವತಿಯ ಕಾಮಗಾರಿಗಳಿಗೆ ತಮಿಳು ಸೀಮೆಯಿಂದ ಬಂದವರ ಮಕ್ಕಳು ಇಂದು ನಮ್ಮ ಧರ್ಮಕೇಂದ್ರಗಳಲ್ಲಿ ಗುರಿಕಾರರಾಗಿದ್ದಾರೆ. ಚಳಿಜ್ವರಕ್ಕೆ ಜನ ಸಾಯುತ್ತಿದ್ದ ಕಾಲದಲ್ಲಿ ಈ ಕಾಡಿಗೆ ಬಂದ ನಮ್ಮ ಅಜ್ಜ ಅಜ್ಜಿಯರನ್ನು ಯಾರೋ ಒಬ್ಬರು ಜಗುಲಿಗೆ ಕರೆದು ಕೂರಿಸಿದ್ದಕ್ಕೇ ನಾವು ಇಲ್ಲಿದ್ದೇವೆ.

ಈಗ ಒಂದು ಘಟನೆ. ಮೆಣಸು ಕೊಯ್ಲಿನ ಹೊತ್ತಿಗೆ ನಾವು ಕೆಲವರು ಕಂಬಳಿ ಹಂಚಲೆಂದು ಒಂದು ತೋಟದ ಲೈನಿಗೆ, ಅಂದರೆ ಕೂಲಿಯವರ ಸಾಲುಮನೆಗಳಿಗೆ, ಹೋಗಿದ್ದೆವು. ತಗಡಿನ ಮಾಡು, ಒಂದೇ ಕೋಣೆ, ಮೂಲೆಯಲ್ಲಿ ಒಲೆ. ಗೋಡೆಯ ಮೇಲೆ ಯೇಸುವಿನ ಪವಿತ್ರ ಹೃದಯದ ಪಟ, ಅದಕ್ಕೊಂದು ಜಪಸರ ಸುತ್ತಿತ್ತು. ಪಟದ ಕೆಳಗೆ ಇಟ್ಟಿಗೆ ಪೇರಿಸಿ, ಮೈಲುತುತ್ತದ ಖಾಲಿ ಚೀಲವನ್ನು ಒಗೆದು ಮಡಚಿ ಹಾಸಿ, ಮೇಲೆ ಮೇಣದ ಬತ್ತಿ ಇಟ್ಟಿದ್ದರು. ಎಷ್ಟು ಒಗೆದರೂ ಬಿಡದ ನೀಲಿ ಬಣ್ಣ ಆ ಬಿಳಿ ಚೀಲದ ಅಂಚಿನಲ್ಲಿ ಉಳಿದಿತ್ತು. ಸಂಜೆ ಕೆಲಸ ಬಿಟ್ಟ ಮೇಲೆ ಲೈನಿನವರೆಲ್ಲ ಅಲ್ಲಿ ಸೇರಿ ಛೋಟಾನಾಗಪುರದವರ ಸಾದ್ರಿ ಭಾಷೆಯಲ್ಲಿ ಜಪಸರ ಹೇಳುತ್ತಾರಂತೆ. ನಡೆಸಿಕೊಡುವವಳು ಆ ಮನೆಯ ಹೆಂಗಸು. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಸಂಜೆಯ ಜಪಸರ ಉಳಿದಿದೆ ಎಂದು ನಾನು ಲೆಕ್ಕ ಹಾಕಲು ಹೋಗುವುದಿಲ್ಲ.

ಆಕೆ ನಮಗೆಲ್ಲ ಚಹಾ ಮಾಡಿದಳು. ಹಾಲಿಲ್ಲದ ಚಹಾ, ಒಂದು ಚಿಟಿಕೆ ಉಪ್ಪು ಹಾಕಿದ್ದು. ಅಸ್ಸಾಮಿನ ತೋಟಗಳಲ್ಲಿ ಹಾಗೆ ಕುಡಿಯುವುದು ರೂಢಿ. ಸ್ಟೀಲ್ ಲೋಟಗಳನ್ನು ನಮ್ಮೆದುರಿಗೇ ಬಿಸಿನೀರಿನಲ್ಲಿ ತೊಳೆದು ಕೊಟ್ಟಳು. ನಮ್ಮ ಜೊತೆ ಬಂದಿದ್ದವರಲ್ಲಿ ಒಬ್ಬರು "ಈಗಷ್ಟೇ ಕುಡ್ಕೊಂಡು ಬಂದ್ವಿ" ಎಂದು ಲೋಟವನ್ನು ಹೊಸ್ತಿಲ ಮೇಲೆ ಇಟ್ಟರು. ಇನ್ನೊಬ್ಬರು ತುಟಿಗೆ ಸೋಕಿಸಿ ಕೆಳಗಿಟ್ಟರು. ನಾನು ಕುಡಿದೆ, ಚೆನ್ನಾಗಿಯೇ ಇತ್ತು. ಕಂಬಳಿ ಕೊಡುವಾಗಿನ ಫೋಟೊ ಆಯಿತು, ಹೊರಟೆವು. ಕಂಬಳಿ ಕೊಟ್ಟದ್ದು ಒಳ್ಳೆಯ ಕೆಲಸ, ಕೊಟ್ಟವರು ಒಳ್ಳೆಯ ಜನ. ಆದರೂ ಹೊಸ್ತಿಲ ಮೇಲೆ ತಣ್ಣಗಾದ ಆ ಲೋಟವನ್ನು ಇಟ್ಟುಕೊಂಡು ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಹತ್ತನೆಯ, ಹನ್ನೊಂದನೆಯ ಅಧ್ಯಾಯಗಳನ್ನು ಮತ್ತೊಮ್ಮೆ ಓದಿ ಎಂದು ನಿಮ್ಮನ್ನು ಕೇಳಿಕೊಳ್ಳುತ್ತೇನೆ.

ಯೇಸುವಿನ ಶಿಷ್ಯ ಪೇತ್ರ ಕೈಸರೈಯಕ್ಕೆ ಹೋಗಿ ಯೆಹೂದ್ಯನಲ್ಲದ ಕೊರ್ನೇಲ್ಯನ ಮನೆಯವರಿಗೆ ದೀಕ್ಷಾಸ್ನಾನ ಕೊಡಿಸಿ ಜೆರುಸಲೇಮಿಗೆ ಮರಳಿದಾಗ ಅಲ್ಲಿನ ವಿಶ್ವಾಸಿಗಳು ಜಗಳಕ್ಕೆ ಬಂದರು. ಯಾತಕ್ಕೆ? 'ದೀಕ್ಷಾಸ್ನಾನ ಏಕೆ ಕೊಟ್ಟೆ' ಎಂದಲ್ಲ. ಹನ್ನೊಂದನೆಯ ಅಧ್ಯಾಯದ ಮೂರನೆಯ ವಚನ ನೋಡಿ: ಸುನ್ನತಿಯಿಲ್ಲದವರ ಮನೆಗೆ ಹೋದೆ, ಅವರ ಜೊತೆ ಕೂತು ಉಂಡೆ ಎಂಬುದೇ ಆಕ್ಷೇಪ. ಧರ್ಮ ಹಂಚುವುದಕ್ಕೆ ಯಾರದೂ ಅಡ್ಡಿಯಿರಲಿಲ್ಲ, ತಟ್ಟೆ ಹಂಚಿಕೊಂಡದ್ದು ನುಂಗಲಾಗದ ತುತ್ತಾಯಿತು. ಎರಡು ಸಾವಿರ ವರ್ಷ ಕಳೆದರೂ ಸಂಕಟ ಅದೇ ಜಾಗದಲ್ಲಿದೆ.

ಪೇತ್ರನ ಕಥೆಯಲ್ಲಿ ನನ್ನನ್ನು ಬಹಳ ದಿನ ಕಾಡಿದ ಇನ್ನೊಂದು ಸಂಗತಿ, ಯೊಪ್ಪದಲ್ಲಿ ಅವನು ಇಳಿದುಕೊಂಡಿದ್ದ ಮನೆ. ಅದು ಚರ್ಮ ಹದಮಾಡುವ ಸಿಮೋನನ ಮನೆ. ಸತ್ತ ಪ್ರಾಣಿಯ ತೊಗಲು ಮುಟ್ಟುವ ಆ ಕಸುಬನ್ನು ಯೆಹೂದ್ಯರು ಕೀಳಾಗಿ ಕಾಣುತ್ತಿದ್ದರು. ಅಂಥವನ ಮನೆಯಲ್ಲಿ ಉಂಡು ಮಲಗುತ್ತಿದ್ದ ಪೇತ್ರ ಒಂದು ಗೋಡೆಯನ್ನು ಆಗಲೇ ದಾಟಿದ್ದ. ಅದೇ ಮನೆಯ ಮಾಳಿಗೆಯ ಮೇಲೆ, ನಡುಮಧ್ಯಾಹ್ನದ ಹಸಿವಿನಲ್ಲಿ, ಬಗೆಬಗೆಯ ಪ್ರಾಣಿಗಳಿದ್ದ, ಆಕಾಶದಿಂದ ಇಳಿದ ಜೋಳಿಗೆಯಂಥ ಬಟ್ಟೆಯನ್ನು ಕಂಡು, 'ಕೊಂದು ತಿನ್ನು' ಎಂಬ ದನಿ ಕೇಳಿದಾಗ 'ಅಶುದ್ಧವಾದದ್ದನ್ನು ನಾನು ಎಂದೂ ತಿಂದವನಲ್ಲ' ಎಂದು ದೇವರಿಗೇ ಎದುರು ಹೇಳಿದ. ಮೂರು ಸಲ ಹೇಳಿಸಿಕೊಂಡ. ಒಂದು ಪೂರ್ವಾಗ್ರಹ ಬಿಟ್ಟವನಿಗೆ ಎಲ್ಲವೂ ಬಿಟ್ಟುಹೋಗಿರುವುದಿಲ್ಲ. ಕೊರ್ನೇಲ್ಯನ ಬಗ್ಗೆ ಅವನಿಗಿದ್ದ ಹಿಂಜರಿಕೆಗೆ ಕಾರಣವೂ ಇತ್ತು: ಆತ ದೇಶವನ್ನು ಆಕ್ರಮಿಸಿಕೊಂಡಿದ್ದ ರೋಮ್ ಸೈನ್ಯದ ಶತಾಧಿಪತಿ. ಕಾರಣವಿಲ್ಲದ ಪೂರ್ವಾಗ್ರಹ ಯಾರಲ್ಲೂ ಇರುವುದಿಲ್ಲ. ಕಾರಣ ಇದ್ದೂ ಪೇತ್ರ ಎದ್ದು ಹೊರಟ. ಹೊರಡುವ ಮೊದಲು, ಕೊರ್ನೇಲ್ಯನ ಕಡೆಯಿಂದ ಕರೆಯಲು ಬಂದಿದ್ದ ಮೂವರನ್ನು ಒಳಗೆ ಕರೆದು ರಾತ್ರಿ ಉಳಿಸಿಕೊಂಡ.

ಪುನರುತ್ಥಾನದ ಭಾನುವಾರ ನಾವು ಪ್ರತಿ ವರ್ಷ ಕೇಳುವ ಮೊದಲ ವಾಚನ, ಪೇತ್ರ ಕೊರ್ನೇಲ್ಯನ ಮನೆಯೊಳಗೆ ನಿಂತು ಆಡಿದ ಮಾತು. ಆದರೆ ಆ ದಿನದ ವಾಚನ ಹತ್ತನೆಯ ಅಧ್ಯಾಯದ 34ನೆಯ ವಚನದ ಮೊದಲ ತುಂಡಿನಿಂದ ನೇರ 37ಕ್ಕೆ ಹೋಗುತ್ತದೆ. 'ದೇವರು ಪಕ್ಷಪಾತಿಯಲ್ಲ' ಎಂಬ ಮಾತು ಇರುವುದು ನಡುವೆ ಬಿಟ್ಟುಹೋಗುವ ಸಾಲುಗಳಲ್ಲಿ. ಅದು ಜನವರಿಯಲ್ಲಿ ಪ್ರಭುವಿನ ದೀಕ್ಷಾಸ್ನಾನದ ಹಬ್ಬಕ್ಕೆ ಓದಲು ಸಿಗುತ್ತದೆ, ಆ ಹೊತ್ತಿಗೆ ಕ್ರಿಸ್ಮಸ್ ಮುಗಿಸಿ ನಾವೆಲ್ಲ ಅಡಿಕೆ ಕೊಯ್ಲು, ಕಾಫಿ ಕೊಯ್ಲಿನಲ್ಲಿ ಮುಳುಗಿರುತ್ತೇವೆ. ಗುರುಗಳು ದಯವಿಟ್ಟು ಮುಂದಿನ ಪಾಸ್ಖದ (ಈಸ್ಟರ್) ಪ್ರಬೋಧನೆಯಲ್ಲಿ ಆ ಬಿಟ್ಟ ಸಾಲುಗಳನ್ನೂ ಓದಿ ಹೇಳಬೇಕು.

ಇದೇ ಯೊಪ್ಪದ ಬಂದರಿನಲ್ಲಿ, ಅದಕ್ಕೂ ಶತಮಾನಗಳ ಹಿಂದೆ, ಪ್ರವಾದಿ ಯೋನ ಹಡಗು ಹತ್ತಿದ್ದ. ಪೂರ್ವದ ನಿನೆವೆಗೆ ಹೋಗಿ ಆ ಜನರನ್ನು ಎಚ್ಚರಿಸು ಎಂದು ದೇವರು ಹೇಳಿದರೆ ಪಶ್ಚಿಮದ ತಾರ್ಷೀಷಿಗೆ ಟಿಕೀಟು ತೆಗೆದವನು. ದೇವರ ಬಗ್ಗೆ ಗೊತ್ತಿಲ್ಲದೆ ಓಡಿದವನಲ್ಲ ಆತ. 'ನೀನು ಕರುಣಾಳು, ಅವರನ್ನು ಕ್ಷಮಿಸಿಬಿಡುತ್ತೀ ಎಂದು ಗೊತ್ತಿದ್ದೇ ಓಡಿದೆ' ಎಂದು ನಾಲ್ಕನೆಯ ಅಧ್ಯಾಯದಲ್ಲಿ ತಾನೇ ಹೇಳುತ್ತಾನೆ. ದೊತೊರ್ನ್ (ಧರ್ಮೋಪದೇಶದ ಪಾಠ) ಬಾಯಿಪಾಠ ಬರುವ ನಮಗೆ ಯೋನ ಹತ್ತಿರದವನು. ದೇವರು ಎಲ್ಲರ ತಂದೆ ಎಂದು ನಮಗೂ ಚೆನ್ನಾಗಿ ಗೊತ್ತು. ನಮ್ಮ ತಂದೆ ಆ ಹಿಂದಿನ ಬಾಗಿಲಿನವರಿಗೂ ತಂದೆ ಎಂಬಲ್ಲಿಗೆ ಬಂದಾಗಲೇ ಹೆಜ್ಜೆ ತಡವರಿಸುವುದು.

ಪೂರ್ವಾಗ್ರಹ ಒಂದು ಸಲ ಕಿತ್ತು ಮುಗಿಸುವ ಕೆಲಸವಲ್ಲ, ಕಾಫಿ ಗಿಡದ ಬುಡದ ಕಳೆಯ ಹಾಗೆ ಮಳೆ ಬಿದ್ದಾಗಲೆಲ್ಲ ಮೊಳೆಯುತ್ತದೆ. ಅಷ್ಟೆಲ್ಲ ಕಂಡ ಪೇತ್ರನೇ ಮುಂದೆ ಅಂತಿಯೋಕ್ಯದಲ್ಲಿ, ಜೆರುಸಲೇಮಿನ ಕಡೆಯವರು ಬಂದಾಗ, ಯೆಹೂದ್ಯರಲ್ಲದವರ ಜೊತೆಯ ಊಟ ಬಿಟ್ಟು ಹಿಂದೆ ಸರಿದ. ಪೌಲ ಎಲ್ಲರ ಮುಂದೆ ಮುಖಕ್ಕೆ ಹೇಳಬೇಕಾಯಿತು. ಗಲಾತ್ಯರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಅದು ಮುಚ್ಚುಮರೆಯಿಲ್ಲದೆ ದಾಖಲಾಗಿದೆ. ಧರ್ಮಸಭೆಯ ಬಂಡೆ ಎನಿಸಿಕೊಂಡವನಿಗೇ ನಾಲ್ಕು ಜನ ಏನೆಂದಾರೋ ಎಂಬ ಭಯ ಇತ್ತು. ನಮ್ಮಲ್ಲಿ ಹಿಂಜರಿಯುವವರನ್ನು ಕೆಟ್ಟವರೆಂದು ನಾನು ತಿಳಿಯದಿರುವುದು ಇದಕ್ಕೇ.

'ಅವರು ನಮ್ಮ ಧರ್ಮಕೇಂದ್ರದವರಲ್ಲ, ಪಟ್ಟಿಯಲ್ಲಿ ಹೆಸರಿಲ್ಲ, ಇವತ್ತು ಇದ್ದು ನಾಳೆ ಹೋಗುವವರು' ಎಂಬ ಮಾತು ಸಭೆಗಳಲ್ಲಿ ಬರುತ್ತದೆ. ಇದಕ್ಕೆ ಧರ್ಮಸಭೆಯ ಕಾನೂನೇ ಉತ್ತರ ಕೊಟ್ಟಿದೆ. 1983ರ ಕೆನನ್ ಕಾನೂನಿನ 518ನೆಯ ವಿಧಿಯಂತೆ ಧರ್ಮಕೇಂದ್ರವೆಂದರೆ ಸಾಮಾನ್ಯವಾಗಿ ಆ ಎಲ್ಲೆಯೊಳಗಿನ ಎಲ್ಲ ವಿಶ್ವಾಸಿಗಳು. ಕೊಂಕಣಿ ಬಲ್ಲವರು, ವಂತಿಗೆ ಕಟ್ಟಿದವರು ಎಂದು ಅಲ್ಲಿ ಬರೆದಿಲ್ಲ. ಮೂರು ತಿಂಗಳಾದರೂ ಇರುವ ಉದ್ದೇಶದಿಂದ ಬಂದವರು, ಅಥವಾ ಬಂದು ಮೂರು ತಿಂಗಳು ಇದ್ದವರು ಅಲ್ಲಿನ ವಾಸಿಗಳೇ ಎನ್ನುತ್ತದೆ 102ನೆಯ ವಿಧಿ. ಹಾಗೆ ವಾಸಿಸುವವರಿಗೆ ಅಲ್ಲಿನ ಗುರುವೇ ಗುರು ಎನ್ನುತ್ತದೆ 107. ಬಡವರನ್ನು, ನೊಂದವರನ್ನು, ಒಂಟಿಯಾದವರನ್ನು, ನಾಡು ಬಿಟ್ಟು ಬಂದವರನ್ನು ಹುಡುಕಿಕೊಂಡು ಹೋಗಬೇಕೆಂದು 529ನೆಯ ವಿಧಿ ಗುರುಗಳಿಗೆ ಹೇಳುತ್ತದೆ. ಕೊಯ್ಲಿಗೆ ಬಂದವರು ಮೂರು ತಿಂಗಳಿಗೂ ಹೆಚ್ಚು ಇದ್ದೇ ಇರುತ್ತಾರೆ. ಆದ್ದರಿಂದ ಅವರನ್ನು ನಾವು ಸೇರಿಸಿಕೊಳ್ಳಬೇಕೋ ಬೇಡವೋ ಎಂಬ ಪ್ರಶ್ನೆಯೇ ಏಳುವುದಿಲ್ಲ. ಸೇರಿಯಾಗಿದೆ. ಪುಸ್ತಕದಲ್ಲಿ ಬರೆಯುವುದಷ್ಟೇ ಬಾಕಿ.

ಇನ್ನು ಭಯದ ಮಾತು. ಕುಡಿಯುತ್ತಾರೆ, ಕದಿಯುತ್ತಾರೆ, ಯಾರೋ ಏನೋ ಎನ್ನುತ್ತಾರೆ. ತೋಟದ ಮಾಲೀಕರು ಆಧಾರ್ ಪ್ರತಿ ತೆಗೆದಿಟ್ಟುಕೊಳ್ಳಲಿ, ಪೊಲೀಸ್ ಠಾಣೆಗೆ ಮಾಹಿತಿ ಕೊಡಲಿ, ಅದು ಸರಿಯೇ. ದಾಖಲೆ ನೋಡುವುದು ಬೇರೆ, ಮುಖ ನೋಡದಿರುವುದು ಬೇರೆ. ಅವರಲ್ಲಿ ಆದಿವಾಸಿಗಳ ಸರ್ನಾ ಧರ್ಮದವರಿದ್ದಾರೆ, ಹಿಂದೂಗಳಿದ್ದಾರೆ, ಮುಸ್ಲಿಮರಿದ್ದಾರೆ. ಕ್ರೈಸ್ತರಿಗೆ ಮಾತ್ರ ಬಾಗಿಲು ತೆರೆಯೋಣ ಎಂದು ನಾನು ಹೇಳುತ್ತಿಲ್ಲ. ಯೇಸು ಹೇಳಿದ ಕಥೆಯಲ್ಲಿ ಜೆರಿಕೊ ದಾರಿಯಲ್ಲಿ ಬಿದ್ದವನ ಧರ್ಮ ಯಾವುದೆಂದು ಸಮಾರಿಯದವನು ವಿಚಾರಿಸಲಿಲ್ಲ.

ಭಯ ಮಕ್ಕಳಿಗೂ ದಾಟುತ್ತಿದೆ. ನನ್ನ ದೊತೊರ್ನ್ ತರಗತಿಗೆ ಲೈನಿನ ಒಬ್ಬಳು ಹುಡುಗಿ ಬರತೊಡಗಿದಾಗ ಒಬ್ಬ ತಾಯಿ ಬಂದು, "ಟೀಚರ್, ನಮ್ಮ ಪಾಪುನ ಅವಳ ಪಕ್ಕ ಕೂರಿಸ್ಬೇಡಿ, ತಲೆ ತುಂಬ ಹೇನು" ಎಂದರು. "ಹೇನಿಗೆ ಎಣ್ಣೆ ನಾನು ಹಾಕ್ತೀನಮ್ಮ, ಬೆಂಚು ಬದಲಾಯಿಸಲ್ಲ" ಎಂದೆ. ಆ ಹುಡುಗಿಗೆ ಕರ್ತರ ಪ್ರಾರ್ಥನೆ ಸಾದ್ರಿಯಲ್ಲಿ ಬರುತ್ತಿತ್ತು, ಹಿಂದಿಯಲ್ಲಿ ಬರುತ್ತಿತ್ತು, ಮಳೆಗಾಲ ಹಿಡಿಯುವಷ್ಟರಲ್ಲಿ ಕನ್ನಡದಲ್ಲೂ ತಡೆಯಿಲ್ಲದೆ ಹೇಳತೊಡಗಿದಳು. ಈಗ ಪಕ್ಕದ ಪಾಪು ಅವಳ ಹತ್ತಿರ ಹಿಂದಿ ಎಣಿಕೆ ಕಲಿಯುತ್ತಿದ್ದಾನೆ.

ಹೊರಗಿನವರ ವಿಷಯ ಎತ್ತಿದಾಗ ಒಳಗಿನದನ್ನು ಮುಚ್ಚಿಡಬಾರದು. ಕೊಂಕಣಿ ಪೂಜೆಯವರು, ಕನ್ನಡ ಪೂಜೆಯವರು, ತಮಿಳಿನವರು ಎಂದು ನಾವು ಒಂದೇ ಅಂಗಳದಲ್ಲಿ ಬೇರೆ ಬೇರೆ ಗುಂಪಾಗಿ ನಿಲ್ಲುತ್ತೇವೆ. ಮದುವೆಗೆ ಸಂಬಂಧ ನೋಡುವಾಗ ಬಾಮಣ್, ಚಾರೊಡಿ, ಸುದಿರ್ ಎಂದು ಜಾತಿಯ ಹೆಸರು ಇನ್ನೂ ಪಿಸುಗುಡುತ್ತೇವೆ. ದಲಿತ ಹಿನ್ನೆಲೆಯ ಕುಟುಂಬದವರ ಮನೆಯ ಶುಭಕಾರ್ಯಕ್ಕೆ ಹೋಗಿ ಊಟಕ್ಕೆ ನಿಲ್ಲದೆ ಬರುವವರಿದ್ದಾರೆ. ಭಾರತದ ಕಥೋಲಿಕ ಧರ್ಮಾಧ್ಯಕ್ಷರ ಮಂಡಳಿ 2016ರಲ್ಲಿ ದಲಿತರ ಸಬಲೀಕರಣದ ನೀತಿಯನ್ನು ಪ್ರಕಟಿಸಿ, ಜಾತಿಭೇದ ಘೋರವಾದ ಸಾಮಾಜಿಕ ಪಾಪ ಎಂದು ಸಾರಿದೆ. 2022ರಲ್ಲಿ ಹೈದರಾಬಾದಿನ ಆಂಥೊನಿ ಪೂಲ ದಲಿತ ಸಮುದಾಯದ ಮೊದಲ ಕಾರ್ಡಿನಲ್ ಆದರು. ನಮ್ಮ ಯಾವ ಸಭೆಯಲ್ಲೂ ಆ ನೀತಿಯನ್ನು ಓದಿ ಹೇಳಿದ್ದನ್ನು ನಾನು ಕೇಳಿಲ್ಲ. ಲೈನಿನವರ ಲೋಟ ಮುಟ್ಟದ ಕೈಗೆ ಆ ಅಭ್ಯಾಸ ಮೊನ್ನೆ ಮೊನ್ನೆ ಬಂದದ್ದಲ್ಲ.

ಪಾಲನಾ ಮಂಡಳಿಯವರಲ್ಲಿ ನನ್ನ ವಿನಂತಿ ಇಷ್ಟು. ಗುರಿಕಾರರು ತಮ್ಮ ವ್ಯಾಪ್ತಿಯ ಲೈನುಗಳಿಗೆ ಹೋಗಿ, ಇರುವವರ ಹೆಸರು, ಊರು, ಮಕ್ಕಳ ವಿವರ ಕೇಳಿ ಕುಟುಂಬಗಳ ಪುಸ್ತಕದಲ್ಲಿ ಬರೆಯಲಿ. ತಿಂಗಳಿಗೊಂದಾದರೂ ಹಿಂದಿ ಪೂಜೆ ಇರಲಿ, ಅದಕ್ಕೂ ಮೊದಲು ಹಿಂದಿಯಲ್ಲಿ ಪಾಪನಿವೇದನೆಗೆ ಅವಕಾಶ ಸಿಗಲಿ. ತನ್ನ ಭಾಷೆಯಲ್ಲಿ ಪಾಪ ಹೇಳಿಕೊಳ್ಳಲಾಗದೆ ವರ್ಷಗಟ್ಟಲೆ ಪರಮಪ್ರಸಾದದಿಂದ ದೂರ ಉಳಿದವರನ್ನು ನಾನು ಕಂಡಿದ್ದೇನೆ. ಕರ್ನಾಟಕದ ಕಾನ್ವೆಂಟುಗಳಲ್ಲೇ ಜಾರ್ಖಂಡಿನ ಸಿಸ್ಟರುಗಳಿದ್ದಾರೆ, ಕೇಳಿದರೆ ಬಂದಾರು. ಸತ್ತವರಿಗೆ ನಮ್ಮ ಸಮಾಧಿ ಭೂಮಿಯಲ್ಲಿ ನಮ್ಮವರ ಸಾಲಿನಲ್ಲೇ ಜಾಗ ಸಿಗಬೇಕು. ಇದನ್ನು ನಿರ್ಣಯವಾಗಿ ಬರೆದಿಡಿ, ಸಾವಿನ ಮನೆಯಲ್ಲಿ ಚರ್ಚೆಗೆ ಕೂರುವಂತಾಗಬಾರದು.

ನಮ್ಮಲ್ಲಿ ತೋಟದ ಮಾಲೀಕರಾಗಿರುವವರಿಗೆ ಬೇರೆಯಾಗಿ ಒಂದು ಮಾತು. ಭಾನುವಾರ ಬೆಳಿಗ್ಗೆ ಕೆಲಸ ಹಚ್ಚಬೇಡಿ. ಕೂಲಿಯನ್ನು ಮಧ್ಯವರ್ತಿಯ ಕೈಗೆ ಕೊಟ್ಟು ಸುಮ್ಮನಾಗಬೇಡಿ, ದುಡಿದವರ ಕೈಗೆ ಎಷ್ಟು ಸೇರಿತು ಎಂದು ಕೇಳಿ. ಕರೆಂಟು ತಂತಿ ಹಾದುಹೋದ ಕಡೆ ಅಲ್ಯೂಮಿನಿಯಂ ಏಣಿ ಹಾಕಿಸಬೇಡಿ. ಜ್ವರ ಬಂದವರನ್ನು 'ಇವರದು ಯಾವಾಗಲೂ ಇದ್ದದ್ದೇ' ಎಂದು ಬಿಡಬೇಡಿ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಮಂಗನ ಕಾಯಿಲೆ ಇಂದಿಗೂ ಈ ಜಿಲ್ಲೆಯಲ್ಲಿದೆ, ಅದನ್ನು ಹರಡುವ ಉಣ್ಣೆ ಹುಳು ಕಚ್ಚಿದರೆ ಏನು ಮಾಡಬೇಕೆಂದು ಹೊರನಾಡಿನಿಂದ ಬಂದವರಿಗೆ ಯಾರು ಹೇಳಬೇಕು?

ಸೆಪ್ಟೆಂಬರ್ 8ರ ತೆನೆಹಬ್ಬಕ್ಕೆ ನಮ್ಮ ಮಕ್ಕಳು ಮರಿಯಮ್ಮನವರಿಗೆ ಹೂ ಅರ್ಪಿಸುತ್ತಾರೆ, ಹೊಸ ತೆನೆ ಆಶೀರ್ವಾದ ಆಗುತ್ತದೆ, ಮನೆಮನೆಯಲ್ಲಿ ಹೊಸ ಅಕ್ಕಿಯ ಊಟ. ಛೋಟಾನಾಗಪುರದವರಿಗೂ ಹೊಸ ಅಕ್ಕಿ ಉಣ್ಣುವ ಹಬ್ಬ ಇದೆ, ನವಾಖಾನಿ ಎನ್ನುತ್ತಾರೆ. ಈ ಸಲ ಲೈನಿನ ಮಕ್ಕಳೂ ಹೂವಿನ ತಟ್ಟೆ ಹಿಡಿದು ಸಾಲಿನಲ್ಲಿ ನಡೆಯಲಿ. ಇಗರ್ಜಿಯ ಅಂಗಳದಲ್ಲಿ ಎಲ್ಲರಿಗೂ ಒಂದೇ ಪಂಕ್ತಿಯ ಊಟ ಆಗಲಿ. ಅಡುಗೆಗೆ ಅವರನ್ನೂ ಕರೆಯಿರಿ, ಅವರು ಮಾಡಿದ್ದನ್ನು ನಾವು ಉಣ್ಣೋಣ. ಬಡಿಸುವ ಕೆಲಸ ಮಾತ್ರ ಕೊಟ್ಟು ಕೂರಿಸದೆ ಕಳಿಸಬೇಡಿ.

ಮುಂದಿನ ಪಾಲನಾ ಮಂಡಳಿ ಸಭೆಯಲ್ಲಿ ಈ ಪತ್ರವನ್ನು ಓದಬೇಕೆಂದು ಕೇಳಿಕೊಳ್ಳುತ್ತೇನೆ. ಒಪ್ಪದವರು ಎದ್ದು ನಿಂತು ಒಪ್ಪುವುದಿಲ್ಲ ಎನ್ನಲಿ, ಮಾತಾಡೋಣ. ಭಾನುವಾರಗಳಲ್ಲಿ ಪೂಜೆ ಮುಗಿದ ಮೇಲೆ ನಾನು ಲೈನುಗಳ ಕಡೆ ಹೋಗುತ್ತಿರುತ್ತೇನೆ, ಜೊತೆಗೆ ಬರುವವರು ಗಂಟೆಗೋಪುರದ ಹತ್ತಿರ ಸಿಗಿ. ಹಿಂದಿ ಬರುವವರು ಬಂದರೆ ಬಹಳ ಅನುಕೂಲ, ಬಾರದವರೂ ಬನ್ನಿ. ಜೂನ್ ಮಳೆ ಹಿಡಿದರೆ ಆ ದಾರಿಗಳಲ್ಲಿ ಜೀಪೂ ಹತ್ತುವುದಿಲ್ಲ, ಕೆಲವರು ಊರಿಗೂ ಹೊರಟುಬಿಡುತ್ತಾರೆ. ಹೆಸರು ಬರೆದುಕೊಳ್ಳುವ ಕೆಲಸ ಅಷ್ಟರೊಳಗೆ ಆಗಬೇಕು.

ಇಂತಿ,
ನಿಮ್ಮ ಧರ್ಮಕೇಂದ್ರದವಳೇ ಆದ ಒಬ್ಬ ನಿವೃತ್ತ ಶಾಲಾ ಶಿಕ್ಷಕಿ
ತೀರ್ಥಹಳ್ಳಿ ತಾಲ್ಲೂಕು, ಪಾಸ್ಖ ಕಾಲ